ಎವೆಂಚುವಲಿ ಎಂದರೆ ಯಾವಾಗ?

ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರೊಂದರಲ್ಲಿ ನಾನು ಬಾಡಿಗೆ ಮನೆ ಹುಡುಕುತ್ತಿದ್ದ ಕಾಲ. ಜಾಹೀರಾತಿನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ. ಬೆಂಗಳೂರಿನಲ್ಲಿ ಆರು ತಿಂಗಳು ಸಂಜೆ ತರಗತಿಗೆ ಹೋಗಿ ಕಲಿತಿದ್ದ ನನ್ನ ಜರ್ಮನ್ ಮೂರನೆಯ ವಾಕ್ಯಕ್ಕೇ ಮುಗ್ಗರಿಸಿತು. ಆಕೆಗೆ ಪಾಪ ಅನಿಸಿರಬೇಕು, ತಮಗೆ ಬರುವಷ್ಟು ಇಂಗ್ಲಿಷಿಗೆ ಇಳಿದರು. "ಶನಿವಾರ ಬನ್ನಿ. ಹಾಫ್ ತ್ರೀ."

ಹಾಫ್ ತ್ರೀ ಎಂದರೆ ಮೂರೂವರೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಂಗ್ಲೆಂಡು, ಐರ್ಲೆಂಡುಗಳಲ್ಲಿ ‘ಹಾಫ್ ಪಾಸ್ಟ್ ತ್ರೀ’ಯ ನಡುವಿನ ಪದವನ್ನು ನುಂಗಿ ಹಾಗೆಯೇ ಹೇಳುತ್ತಾರೆ. ಬೆಂಗಳೂರಿನ ಕಚೇರಿಯಲ್ಲಿ ಲಂಡನ್ನಿನ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ನನಗದು ರೂಢಿಯಾಗಿತ್ತು. ಶನಿವಾರ ಮೂರು ಇಪ್ಪತ್ತಕ್ಕೇ ಗೇಟಿನ ಮುಂದೆ ಹಾಜರಾದೆ. ಹತ್ತು ನಿಮಿಷ ಮೊದಲೇ ಬಂದ ಭಾರತೀಯ ನಾನು ಎಂದು ಒಳಗೊಳಗೇ ಬೀಗುತ್ತಿದ್ದೆ. ಆಕೆ ಕೋಟು ತೊಟ್ಟು, ತೋಳಿಗೆ ಚೀಲ ಸಿಕ್ಕಿಸಿಕೊಂಡು ಹೊರಗೆ ಹೊರಟು ನಿಂತಿದ್ದರು. ಗಡಿಯಾರ ನೋಡಿಕೊಂಡರು, ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಆ ಸೀಮೆಯವರು ಬೈಯದೆ ಇರುವಾಗಲೇ ಹೆಚ್ಚು ಬೈಯುತ್ತಾರೆ ಎಂದು ಅಂದು ತಿಳಿಯಿತು.

ಜರ್ಮನಿನಲ್ಲಿ ‘ಹಾಲ್ಬ್ ಡ್ರೈ’, ಅಂದರೆ ಪದಕ್ಕೆ ಪದ ಇಟ್ಟರೆ ‘ಅರೆ ಮೂರು’, ಎರಡೂವರೆ ಗಂಟೆ. ಮೂರರತ್ತ ಹೊರಟ ಮುಳ್ಳು ಅರ್ಧ ದಾರಿ ಬಂದಿದೆ ಎಂಬ ಲೆಕ್ಕ. ಡಚ್ಚರ ಲೆಕ್ಕವೂ ಅದೇ. ಇಂಗ್ಲಿಷಿನವರದು ಮೂರು ದಾಟಿದ ಮೇಲಿನ ಅರೆ. ಆಕೆ ಜರ್ಮನಿನಲ್ಲೇ ಹೇಳಿದ್ದರೆ ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದೆ. ನನಗೆ ಗೊತ್ತಿರುವ ಭಾಷೆಯಲ್ಲಿ ಹೇಳಿದ್ದರಿಂದ ಕೆಟ್ಟಿತು.

ಮನೆಯೇನೋ ಸಿಕ್ಕಿತು. ಎರಡನೆಯ ಸಲ ಆಕೆ ಸಮಯವನ್ನು ಮೊಬೈಲಿಗೆ ಅಂಕಿಯಲ್ಲೇ ಬರೆದು ಕಳಿಸಿದರು: 14:30.

ನನ್ನ ಕೆಲಸ ಪ್ಯಾಕಿಂಗ್ ಯಂತ್ರಗಳಿಗೆ ಕೈಪಿಡಿ ಬರೆಯುವುದು. ಹಾಲಿನ ಪುಡಿ, ಬಿಸ್ಕತ್ತು, ಮಾತ್ರೆಗಳನ್ನು ಪೊಟ್ಟಣಕ್ಕೆ ತುಂಬಿ ಬಾಯಿ ಮುಚ್ಚುವ ಯಂತ್ರಗಳು. ಜರ್ಮನರು ವಿನ್ಯಾಸ ಮಾಡುತ್ತಿದ್ದರು, ಇಟಲಿಯ ಬೊಲೊನ್ಯಾ ಸುತ್ತಲಿನ ಕಾರ್ಖಾನೆಗಳಿಂದ ಕೆಲವು ಭಾಗಗಳು ಬರುತ್ತಿದ್ದವು, ಪೋಲೆಂಡಿನಲ್ಲಿ ಜೋಡಣೆ, ಐರ್ಲೆಂಡಿಗೋ ಸ್ಪೇನಿಗೋ ಮಾರಾಟ. ಎಲ್ಲರ ನಡುವೆ ಓಡಾಡುತ್ತಿದ್ದ ಭಾಷೆ ಇಂಗ್ಲಿಷ್. ಆದರೆ ಇಂಗ್ಲಿಷನ್ನು ತಾಯಿಯಿಂದ ಕಲಿತವರು ನಮ್ಮ ಸಭೆಗಳಿಗೆ ವರ್ಷಕ್ಕೊಬ್ಬರು ಬಂದರೆ ಹೆಚ್ಚು. ಹೀಗಾಗಿ ನನ್ನ ತುಮಕೂರಿನ ಕಾಲೇಜಿನ ಇಂಗ್ಲಿಷಿಗೂ ಅಲ್ಲಿ ಪಂಡಿತನ ಪಟ್ಟ ಸಿಕ್ಕಿತ್ತು. ಕಾಗದ ಪತ್ರ ಹೊರಗೆ ಹೋಗುವ ಮುಂಚೆ ‘ಸ್ವಲ್ಪ ಇಂಗ್ಲಿಷ್ ನೋಡಿಕೊಡಿ’ ಎಂದು ನನ್ನ ಮೇಜಿಗೆ ಬರುತ್ತಿತ್ತು.

ಒಮ್ಮೆ ಐರ್ಲೆಂಡಿನ ಹಾಲಿನ ಪುಡಿ ಘಟಕವೊಂದರಲ್ಲಿ ನಮ್ಮ ಯಂತ್ರದ ಗೇರ್‌ಬಾಕ್ಸ್ ಸದ್ದು ಮಾಡತೊಡಗಿತು. ನಮ್ಮ ಸರ್ವಿಸ್ ವಿಭಾಗದ ಹಿರಿಯರು ಅವರಿಗೊಂದು ಮೇಲ್ ಬರೆದು ನನಗೆ ತೋರಿಸಿದರು. ಎಣ್ಣೆ ಬದಲಿಸಿ, ಎರಡು ವಾರ ಓಡಿಸಿ ನೋಡಿ, ‘ಎವೆಂಚುವಲಿ’ ನಾವು ಗೇರ್‌ಬಾಕ್ಸನ್ನೇ ಬದಲಿಸಿಕೊಡುತ್ತೇವೆ ಎಂದಿತ್ತು. ನಾನು ಒಂದು ಅಲ್ಪವಿರಾಮ ತೆಗೆದೆ, ಒಂದು ‘ದಿ’ ಸೇರಿಸಿದೆ. ಮೇಲ್ ಹೋಯಿತು.

ಐದು ವಾರದ ನಂತರ ವಿಡಿಯೋ ಕರೆ. ಗೇರ್‌ಬಾಕ್ಸ್ ಎಲ್ಲಿ ಎಂದು ಅವರು ಕೇಳಿದರು. ಯಾವ ಗೇರ್‌ಬಾಕ್ಸ್ ಎಂದು ಇವರು ಕೇಳಿದರು. ಬದಲಿಸಿಕೊಡುತ್ತೇವೆಂದು ನೀವೇ ಬರೆದಿದ್ದೀರಿ ಎಂದರು ಅವರು. ಹೌದು ಬರೆದಿದ್ದೇನೆ, ಆದರೆ ಎಣ್ಣೆ ಬದಲಿಸಿದ ಮೇಲೆ ಏನಾಯಿತೆಂದು ನೀವು ತಿಳಿಸಲೇ ಇಲ್ಲವಲ್ಲ ಎಂದರು ಇವರು. ಐರ್ಲೆಂಡಿನ ಮನುಷ್ಯ ಆ ಇಮೇಲಿನ ಮುದ್ರಿತ ಪ್ರತಿಯನ್ನು ಕ್ಯಾಮೆರಾಕ್ಕೆ ಎತ್ತಿ ಹಿಡಿದ. ಆ ಒಂದು ಪದದ ಕೆಳಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದ. "ಇದನ್ನು ಓದಿ." ನಮ್ಮವರು ಗಟ್ಟಿಯಾಗಿ ಓದಿ, "ಅದನ್ನೇ ತಾನೇ ನಾನೂ ಹೇಳುತ್ತಿರುವುದು?" ಎಂದರು. ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಇಬ್ಬರೂ ಒಂದೇ ಪದದ ಮೇಲೆ ಬೆರಳಿಟ್ಟು, ಅದನ್ನೇ ಸಾಕ್ಷಿಗೆ ಕರೆದು, ಒಬ್ಬರನ್ನೊಬ್ಬರು ಮಾತಿಗೆ ತಪ್ಪುವವರೆಂದು ನಂಬುತ್ತಾ ಹೋದರು. ಮೂವತ್ತು ವರ್ಷದ ಸೇವೆಯಲ್ಲಿ ಒಂದು ಸುಳ್ಳು ಹೇಳದ ನಮ್ಮ ಹಿರಿಯರ ಕಿವಿ ಕೆಂಪಾಗಿತ್ತು.

ಇಂಗ್ಲಿಷಿನಲ್ಲಿ ಆ ಪದಕ್ಕೆ ‘ತಡವಾದರೂ ಕೊನೆಗೊಂದು ದಿನ’ ಎಂಬರ್ಥ. ಅದು ಮಾತು ಕೊಟ್ಟಂತೆ. ಜರ್ಮನಿನ ‘ಎವೆಂಟುಎಲ್’ಗೆ ‘ಹಾಗೇನಾದರೂ ಬೇಕಾದರೆ, ಆಗಲೂಬಹುದು’ ಎಂಬರ್ಥ. ಅದು ಮಾತಿನಿಂದ ನುಣುಚಿಕೊಂಡಂತೆ. ಇದು ನನಗೆ ಹೊಳೆದದ್ದು ಇಪ್ಪತ್ತೊಂದನೆಯ ನಿಮಿಷದಲ್ಲಿ. ಮೊದಲೇ ಏಕೆ ಹೊಳೆಯಲಿಲ್ಲ? ಆ ಹೊತ್ತಿಗೆ ನಾನು ಅಲ್ಲಿ ಐದು ವರ್ಷ ಕಳೆದಿದ್ದೆ. ದಿನಕ್ಕೆ ಹತ್ತು ಸಲ ಆ ಜರ್ಮನ್ ಪದ ಕಿವಿಗೆ ಬಿದ್ದು ಬಿದ್ದು, ಇಂಗ್ಲಿಷ್ ಪದದ ಹೊಟ್ಟೆಯೊಳಗೆ ಜರ್ಮನ್ ಅರ್ಥ ಬಂದು ಕೂತಿತ್ತು. ನಾನು ಆ ಮೇಲನ್ನು ಓದಿದ್ದು ಇಂಗ್ಲಿಷಿನಲ್ಲೇ ಅಲ್ಲ. ಇಂಗ್ಲಿಷ್ ಬಲ್ಲವನೆಂದು ಸಂಬಳ ಎಣಿಸುತ್ತಿದ್ದವನ ಕತೆ ಇದು.

ಗೇರ್‌ಬಾಕ್ಸನ್ನು ಕಳಿಸಿಕೊಟ್ಟೆವು, ಅರ್ಧ ಖರ್ಚು ನಮ್ಮದು. ಅಂದರೆ ಎರಡು ‘ಎವೆಂಚುವಲಿ’ಗಳೂ ಅರ್ಧರ್ಧ ಗೆದ್ದವು.

ಆಮೇಲೆ ಕೂತು ಕೆದಕಿದೆ. ಮೂಲ ಲ್ಯಾಟಿನ್ನಿನ ‘ಎವೆಂತುಸ್’, ಸಂಭವಿಸಿದ್ದು ಎಂದರ್ಥ. ಫ್ರೆಂಚ್, ಇಟಾಲಿಯನ್, ಜರ್ಮನ್, ಡಚ್, ಪೋಲಿಷ್, ಎಲ್ಲವೂ ಅದನ್ನು ‘ಸಂಭವಿಸಬಹುದಾದದ್ದು’ ಎಂಬ ಕಡೆಗೆ ಎಳೆದವು. ಇಂಗ್ಲಿಷ್ ಒಂದೇ ‘ಕೊನೆಗೆ ಸಂಭವಿಸುವಂಥದ್ದು’ ಎಂದು ಬೇರೆ ಹಾದಿ ಹಿಡಿಯಿತು. ‘ಆಕ್ಚುಯಲ್’ ಕತೆಯೂ ಇದೇ. ಪ್ಯಾರಿಸ್ಸಿನಿಂದ ವಾರ್ಸಾದವರೆಗೆ ಆ ಪದದ ಬಳಗಕ್ಕೆಲ್ಲ ‘ಈಗಿನ, ಸದ್ಯದ’ ಎಂದರ್ಥ. ಇಂಗ್ಲಿಷಿನಲ್ಲಿ ಮಾತ್ರ ‘ನಿಜವಾದ’. ಇಟಲಿಯವರು ‘ಆಕ್ಚುಯಲ್ ಬೆಲೆ’ ಎಂದು ಪಟ್ಟಿ ಕಳಿಸಿದರೆ ಹಿಂದೆ ಕಳಿಸಿದ್ದು ಸುಳ್ಳು ಬೆಲೆಯೇ ಎಂದು ನಮ್ಮ ಐರಿಷ್ ಗಿರಾಕಿ ಹುಬ್ಬೇರಿಸುತ್ತಿದ್ದ. ಇಡೀ ಖಂಡದ ಪೈಕಿ ಒಂದು ಭಾಷೆ ದಾರಿ ಬಿಟ್ಟು ನಡೆಯುತ್ತಿದೆ, ಅದೂ ಎಲ್ಲರೂ ನಡುವೆ ಇಟ್ಟುಕೊಂಡಿರುವ ಭಾಷೆಯೇ ಅದು. ಇದಕ್ಕಿಂತ ವಿಚಿತ್ರ ಏರ್ಪಾಡು ಇನ್ನೊಂದು ಬೇಕೆ?

ಇಂಥ ಪದಗಳಿಗೆ 1928ರಲ್ಲಿ ಇಬ್ಬರು ಫ್ರೆಂಚ್ ವಿದ್ವಾಂಸರು ಇಟ್ಟ ಹೆಸರು ‘ಫೋ ಅಮಿ’, ಹುಸಿ ಗೆಳೆಯರು. ಚೆನ್ನಾದ ಹೆಸರು. ಶತ್ರು ಬಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಇವರು ಬಂದರೆ ಕಾಫಿ ಕೊಟ್ಟು ಕೂರಿಸುತ್ತೇವೆ.

ಎಲ್ಲರೂ ಹೇಳುವ ಉದಾಹರಣೆ ‘ಗಿಫ್ಟ್’. ಜರ್ಮನಿನಲ್ಲಿ ಅದು ವಿಷ. ಇಲಿಪಾಷಾಣದ ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರದ ಪಕ್ಕದಲ್ಲಿ ಆ ಪದ ಅಚ್ಚಾಗಿರುವುದನ್ನು ನೋಡಿ ನಗದ ಭಾರತೀಯನಿಲ್ಲ. ಆದರೆ ಇಲ್ಲಿ ಜರ್ಮನ್ ತಪ್ಪಿಲ್ಲ, ಇಂಗ್ಲಿಷಿನದೂ ತಪ್ಪಿಲ್ಲ. ಎರಡೂ ‘ಕೊಡು’ ಎಂಬ ಒಂದೇ ಧಾತುವಿನ ಮಕ್ಕಳು. ಔಷಧಿ ‘ಕೊಡುವುದು’ ವಿಷ ‘ಕೊಡುವುದು’ ಆಯಿತು, ಅಷ್ಟೇ. ಗ್ರೀಕಿನ ‘ಡೋಸಿಸ್’ ಕೂಡ ಕೊಡುವುದೇ. ಅದರಿಂದ ನಮ್ಮ ಡಾಕ್ಟರರ ಡೋಸು. ವರದಕ್ಷಿಣೆಗೆ ಜರ್ಮನರು ಇಂದಿಗೂ ‘ಮಿಟ್‌ಗಿಫ್ಟ್’ ಎನ್ನುತ್ತಾರೆ, ಜೊತೆಯಲ್ಲಿ ಕೊಟ್ಟದ್ದು. ಸ್ವೀಡನ್ನಿನಲ್ಲಿ ‘ಗಿಫ್ಟ್’ ಪದಕ್ಕೆ ವಿಷ ಎಂಬುದರ ಜೊತೆಗೆ ‘ಮದುವೆಯಾದ’ ಎಂಬ ಅರ್ಥವೂ ಇದೆ. ಅಲ್ಲಿಯವರು ಇದನ್ನಿಟ್ಟು ಸಾವಿರ ನಗೆಹನಿ ಮಾಡಿಕೊಂಡಿದ್ದಾರೆ. ನನಗೆ ನಗುವಿಗಿಂತ ಮೊದಲು ನೆನಪಾದದ್ದು ‘ಹೆಣ್ಣು ಕೊಡುವುದು’ ಎಂಬ ನಮ್ಮ ಮಾತು. ವಿಷದ ವಿಚಾರಕ್ಕೆ ಬಂದರೆ ನಮ್ಮ ‘ಮದ್ದು’ ಏನು ಕಡಿಮೆಯೇ? ಮನೆಮದ್ದು ಗುಣ ಮಾಡುತ್ತದೆ, ‘ಯಾರೋ ಮದ್ದು ಹಾಕಿದರು’ ಎಂದರೆ ಆಳು ನವೆಯುತ್ತಾನೆ, ಮದ್ದುಗುಂಡಿನ ಮದ್ದು ಕೋಟೆ ಕೆಡವುತ್ತದೆ.

ಯುರೋಪಿಗೆ ಲ್ಯಾಟಿನ್ ಹೇಗೋ ನಮಗೆ ಸಂಸ್ಕೃತ ಹಾಗೆ. ಒಂದೇ ಕಣಜದಿಂದ ಎಲ್ಲರೂ ಅಳೆದುಕೊಂಡು ಹೋದೆವು, ಅಡುಗೆ ಮಾತ್ರ ಬೇರೆ ಬೇರೆ. ಬೆಂಗಳೂರಿನಲ್ಲಿದ್ದಾಗ ತೆಲುಗಿನ ಗೆಳೆಯನೊಬ್ಬನಿಗೆ ಬಸ್ ನಿಲ್ದಾಣದವರೆಗೆ ಬೈಕಿನಲ್ಲಿ ಬಿಡುತ್ತೇನೆ ಎಂದೆ. "ಅವಸರಂ ಲೇದು" ಎಂದ. ಅವಸರವಿಲ್ಲವಂತೆ, ನಿಧಾನಕ್ಕೆ ಹೊರಟರಾಯಿತು ಎಂದು ನಾನು ಕಾಫಿ ಇಡಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವನು ನಡೆದುಕೊಂಡೇ ಹೋಗಿಬಿಟ್ಟಿದ್ದ. ತೆಲುಗಿನ ಅವಸರ ಅಗತ್ಯ. ಮಲಯಾಳದ್ದೂ ಹಿಂದಿಯದೂ ಅವಕಾಶ. ನಮ್ಮದು ಬರೀ ಗಡಿಬಿಡಿ. ಹಿಂದಿಯವರ ‘ಶಿಕ್ಷಾ ಮಂತ್ರಿ’ ನಮ್ಮ ಕಿವಿಗೆ ದಂಡಿಸುವ ಖಾತೆಯಂತೆ ಕೇಳುವುದನ್ನು ಹೇಳುವುದೇ ಬೇಡ.

ಬೊಲೊನ್ಯಾದ ಹಳೆಯ ಹೋಟೆಲೊಂದರಲ್ಲಿ ನಾನು ಕೈ ಸುಟ್ಟುಕೊಂಡದ್ದು ಪದದಿಂದಲೂ ಅಲ್ಲ, ಒಂದೇ ಒಂದು ಅಕ್ಷರದಿಂದ. ಜುಲೈ ತಿಂಗಳ ಸೆಕೆ. ಬಂದವನೇ ಮುಖ ತೊಳೆಯಲು ಹೋದೆ. ಹಿತ್ತಾಳೆಯ ಎರಡು ನಲ್ಲಿ, ಬಿಳಿಯ ಬಿಲ್ಲೆಯ ಮೇಲೆ ಒಂದಕ್ಕೆ ಸಿ, ಇನ್ನೊಂದಕ್ಕೆ ಎಫ್. ಸಿ ಎಂದರೆ ಕೋಲ್ಡ್ ಎಂಬುದು ಮನೆಮಾತಿನಷ್ಟು ಸಲೀಸು. ಪೂರ್ತಿ ತಿರುಗಿಸಿ ಎರಡೂ ಕೈ ಒಡ್ಡಿದೆ. ಇಟಲಿಯಲ್ಲಿ ಸಿ ಎಂದರೆ ‘ಕಾಲ್ದೊ’, ಬಿಸಿ. ಎಫ್ ಎಂದರೆ ‘ಫ್ರೆದ್ದೊ’, ತಣ್ಣಗೆ. ಫ್ರಾನ್ಸಿನಲ್ಲೂ ಸ್ಪೇನಿನಲ್ಲೂ ಬಿಸಿನೀರಿಗೆ ಸಿ ಅಕ್ಷರವೇ. ಆಲ್ಪ್ಸ್ ದಾಟಿ ಉತ್ತರಕ್ಕೆ ಬಂದರೆ ‘ಕಾಲ್ಟ್’ ಎಂದರೆ ತಣ್ಣಗೆ. ಜರ್ಮನ್ ಸಹೋದ್ಯೋಗಿ ಊಟದ ಹೊತ್ತಿಗೆ ನನ್ನ ಕೆಂಪು ಬೆರಳು ನೋಡಿ, ತಾನೂ ಮೊದಲ ಸಲ ಬಂದಾಗ ಹೀಗೇ ಸುಟ್ಟುಕೊಂಡಿದ್ದೆ ಎಂದ. ಇಂಗ್ಲಿಷ್ ಬಿಟ್ಟರೂ ಅವನಿಗೆ ಅವನದೇ ಭಾಷೆ ಕೈಕೊಟ್ಟಿತ್ತು.

ಆ ಊಟದಲ್ಲೇ ಪೋಲೆಂಡಿನವಳು ಹೇಳಿದ ಕತೆ: ಗಡಿಯಾಚೆ ಚೆಕ್ ದೇಶದ ಬೇಕರಿಯ ಮುಂದೆ ‘ಚೆರ್‌ಸ್ತ್ವಿ’ ಬ್ರೆಡ್ ಎಂದು ಹೆಮ್ಮೆಯಿಂದ ಫಲಕ ಹಾಕಿದ್ದರಂತೆ. ಚೆಕ್ಕಿನಲ್ಲಿ ಅದು ತಾಜಾ. ಪೋಲಿಷಿನ ‘ಚೆರ್‌ಸ್ತ್‌ವಿ’ ಒಣಗಿ ಕಟ್ಟಿಗೆಯಾದ ಹಳೇ ಬ್ರೆಡ್ಡು. ಪ್ರಾಮಾಣಿಕ ವ್ಯಾಪಾರಿ ಎಂದು ಅವಳಮ್ಮ ಮೆಚ್ಚಿಕೊಂಡರಂತೆ. ಅದೇ ಮೇಜಿನಲ್ಲಿದ್ದ ಬಲ್ಗೇರಿಯಾದವನ ತಲೆಯಾಟವೇ ಬೇರೆ: ನಾವು ಬೇಡ ಎನ್ನುವಂತೆ ತಲೆ ಅಡ್ಡಕ್ಕೆ ಆಡಿಸಿದರೆ ಅವರಲ್ಲಿ ಹೌದು. ಗ್ರೀಕರು ಬಾಯಲ್ಲಿ, ಇಲ್ಲ ಎಂದಂತೆ ಕೇಳುವ ‘ನೆ’ ಎಂದರೂ ಹೌದೇ. ನನ್ನ ಕನ್ನಡದ ತಲೆಯಾಟ ಹೌದೋ ಅಲ್ಲವೋ ಎಂಬುದು ಇವರೆಲ್ಲರಿಗೂ ಕೊನೆಯವರೆಗೂ ಒಗಟಾಗಿಯೇ ಉಳಿಯಿತು.

ಇನ್ನು ಇಂಗ್ಲಿಷೇ ಅಲ್ಲದ ಇಂಗ್ಲಿಷ್. ಜರ್ಮನರಿಗೆ ಮೊಬೈಲ್ ಫೋನು ‘ಹ್ಯಾಂಡಿ’, ಪ್ರೊಜೆಕ್ಟರು ‘ಬೀಮರ್’, ಹಳೆಯ ಕಾರು ‘ಓಲ್ಡ್‌ಟೈಮರ್’. ಮನೆಯಿಂದ ಕೆಲಸ ಮಾಡಿದರೆ ‘ಹೋಮ್ ಆಫೀಸ್’ನಲ್ಲಿದ್ದೇನೆ ಎನ್ನುತ್ತಾರೆ. ಲಂಡನ್ನಿನಲ್ಲಿ ಹೋಮ್ ಆಫೀಸ್ ಎಂದರೆ ಗೃಹಖಾತೆ, ವೀಸಾ ತಿರಸ್ಕರಿಸುವ ಜಾಗ. ಈ ಪದಗಳನ್ನೆಲ್ಲ ಅವರು ಇಂಗ್ಲಿಷ್ ಎಂದೇ ನಂಬಿ ಇಂಗ್ಲಿಷರ ಮುಂದೆ ಆಡುತ್ತಾರೆ, ಇಂಗ್ಲಿಷರು ಪಿಳಿಪಿಳಿ ನೋಡುತ್ತಾರೆ. ಇದರಿಂದ ಯಾರಿಗೂ ಕೆಡುಕಿಲ್ಲ.

ಕೆಡುಕು ಅಂಕಿಯಲ್ಲಿದೆ. 1.250 ಮಿಲಿಮೀಟರ್ ಎಂದು ನಕ್ಷೆಯಲ್ಲಿ ಬರೆದರೆ ಜರ್ಮನ್ ಕಣ್ಣಿಗೆ ಅದು ಒಂದೂಕಾಲು ಮೀಟರ್, ಐರಿಷ್ ಕಣ್ಣಿಗೆ ಒಂದೂಕಾಲು ಮಿಲಿಮೀಟರ್. ಅಲ್ಲಿ ಚುಕ್ಕಿ ಸಾವಿರವನ್ನು ಬಿಡಿಸುತ್ತದೆ, ಇಲ್ಲಿ ದಶಾಂಶವನ್ನು. ಜರ್ಮನರ ‘ಬಿಲಿಯೋನ್’ ಲಕ್ಷ ಕೋಟಿ. ಇಂಗ್ಲಿಷರ ಬಿಲಿಯನ್ ನೂರು ಕೋಟಿ. ಬ್ರಿಟನ್ ಸರಕಾರವೂ 1974ರವರೆಗೆ ಲಕ್ಷ ಕೋಟಿಯ ಪಕ್ಷದಲ್ಲೇ ಇತ್ತು, ಆಮೇಲೆ ಅಮೆರಿಕದ ಲೆಕ್ಕಕ್ಕೆ ಜಿಗಿಯಿತು. ಡೆನ್ಮಾರ್ಕಿನವರ ತೊಂಬತ್ತು ‘ನಾಲ್ಕೂವರೆ ಇಪ್ಪತ್ತು’. ಅವರ ಕಿರಾಣಿ ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದಕ್ಕಿಂತ ನೋಟು ಕೊಟ್ಟು ಸುಮ್ಮನಿರುವುದು ಕ್ಷೇಮ.

ಕೈಪಿಡಿ ಬರೆಯುವವರ ನಡುವೆ ಪಿಸುದನಿಯಲ್ಲಿ ಹೇಳಿಕೊಳ್ಳುವ ಪ್ರಸಂಗವೊಂದಿದೆ. 2006 ಮತ್ತು 2007ರಲ್ಲಿ ಬರ್ಲಿನ್ನಿನ ಆಸ್ಪತ್ರೆಯೊಂದರಲ್ಲಿ 47 ಮಂದಿಗೆ ಕೃತಕ ಮಂಡಿಕೀಲನ್ನು ತಪ್ಪಾಗಿ ಕೂರಿಸಿದರು. ಆ ಕೀಲನ್ನು ಎಲುಬಿಗೆ ವೈದ್ಯಕೀಯ ಸಿಮೆಂಟು ಹಾಕಿ ಅಂಟಿಸಬೇಕಿತ್ತು. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ‘ನಾನ್-ಮಾಡ್ಯುಲರ್ ಸಿಮೆಂಟೆಡ್’ ಎಂದಿತ್ತು. ಆರಂಭದ ‘ನಾನ್’ ಎಂಬ ನಿಷೇಧ ‘ಮಾಡ್ಯುಲರ್’ಗೆ, ಅಂದರೆ ಬಿಡಿಭಾಗಗಳಿಂದ ಜೋಡಿಸುವಂಥದ್ದು ಎಂಬುದಕ್ಕೆ ಮಾತ್ರ ಸೇರಿದ್ದು, ಓದಿದವರು ಅದನ್ನು ಸಿಮೆಂಟಿಗೂ ಎಳೆದು, ಸಿಮೆಂಟು ಬೇಡದ ಕೀಲು ಎಂದುಕೊಂಡರು. ತಿಂಗಳುಗಟ್ಟಲೆ ಯಾರಿಗೂ ಸಂದೇಹ ಬರಲಿಲ್ಲ. ಮೂರು ಪದ, ಮೂರೂ ಗೊತ್ತಿರುವ ಪದ. ಪೊಟ್ಟಣದ ಮೇಲೆ ಚೀನೀ ಲಿಪಿ ಇದ್ದಿದ್ದರೆ ಮೊದಲ ದಿನವೇ ಯಾರಾದರೂ ಫೋನ್ ಎತ್ತುತ್ತಿದ್ದರು ಎಂದು ನಾನು ಬಲವಾಗಿ ನಂಬುತ್ತೇನೆ.

ಇದಕ್ಕಿಂತ ದೊಡ್ಡದು ಟೆನರಿಫೆಯದು. 1977ರ ಮಾರ್ಚ್ 27. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಸ್ಪೇನಿನ ಟೆನರಿಫೆ ದ್ವೀಪದ ಚಿಕ್ಕ ನಿಲ್ದಾಣಕ್ಕೆ ದೊಡ್ಡ ದೊಡ್ಡ ವಿಮಾನಗಳು ಬಂದು ತುಂಬಿಕೊಂಡಿದ್ದವು. ಸಂಜೆಯ ಹೊತ್ತಿಗೆ ಬೆಟ್ಟದಿಂದ ಮಂಜು ಇಳಿಯಿತು. ಒಂದೇ ಓಡುದಾರಿಯ ಈ ತುದಿಯಲ್ಲಿ ಡಚ್ ಕಂಪನಿಯ ಜಂಬೋ ಜೆಟ್ ಹಾರಲು ನಿಂತಿತ್ತು. ಅದೇ ದಾರಿಯಲ್ಲಿ ಎದುರಿನಿಂದ ಅಮೆರಿಕದ ಜಂಬೋ ತೆವಳುತ್ತಾ ಬರುತ್ತಿತ್ತು. ನಿಲ್ದಾಣದ ನಿಯಂತ್ರಣ ಗೋಪುರದಲ್ಲಿದ್ದವನಿಗೆ ಎರಡೂ ಕಾಣುತ್ತಿರಲಿಲ್ಲ. ಅವನ ತಾಯಿನುಡಿ ಸ್ಪ್ಯಾನಿಷ್, ವಿಮಾನದಲ್ಲಿದ್ದವರದು ಡಚ್, ನಡುವಿನ ಮಾತು ಇಂಗ್ಲಿಷ್.

ಹಾರಿದ ಮೇಲೆ ಯಾವ ದಿಕ್ಕಿಗೆ ತಿರುಗಬೇಕೆಂಬ ಸೂಚನೆಯನ್ನು ಗೋಪುರ ಕೊಟ್ಟಿತು. ಅದು ಹಾರಲು ಅಪ್ಪಣೆಯಲ್ಲ, ಹಾರಿದ ಮೇಲಿನ ದಾರಿಗೆ ಅಪ್ಪಣೆ. ಆದರೆ ಆ ಸೂಚನೆಯೊಳಗೇ ‘ಟೇಕ್-ಆಫ್’ ಎಂಬ ಪದವಿತ್ತು. ಡಚ್ ಸಹಪೈಲಟ್ ಅದನ್ನು ಒಪ್ಪಿಸಿ, ಕೊನೆಗೆ ‘ನಾವೀಗ ಅಟ್ ಟೇಕ್-ಆಫ್’ ಎಂದ. ವಿಮಾನ ಆಗಲೇ ಓಡತೊಡಗಿತ್ತು. ಡಚ್ಚಿನಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ‘ಆನ್ ಹೆಟ್’ ಎಂಬ ಪ್ರಯೋಗವಿದೆ. ಅಕ್ಷರಶಃ ‘ಅದರಲ್ಲಿ’ ಎಂದಂತೆ, ಆದರೆ ‘ಮಾಡುತ್ತಿದ್ದೇವೆ’ ಎಂಬ ಅರ್ಥ. ಅವನ ಇಂಗ್ಲಿಷಿನ ‘ಅಟ್’ ಅಲ್ಲಿಂದ ಬಂದದ್ದು ಎಂದು ಭಾಷಾತಜ್ಞರು ವಿವರಿಸುತ್ತಾರೆ. ಗೋಪುರದವನಿಗೆ ಅದು ಕೇಳಿಸಿದ್ದು ‘ಹಾರುವ ಜಾಗದಲ್ಲಿ ನಿಂತಿದ್ದೇವೆ’ ಎಂದು. ಅವನು ಮೊದಲು "ಓಕೆ" ಎಂದ. ಆ ಮೇಲೆ ‘ಕಾಯಿರಿ, ನಾನೇ ಕರೆಯುತ್ತೇನೆ’ ಎಂದ. ಅದೇ ಕ್ಷಣಕ್ಕೆ ಅಮೆರಿಕದ ಪೈಲಟ್‌ಗಳೂ ತಾವಿನ್ನೂ ಓಡುದಾರಿಯಲ್ಲೇ ಇದ್ದೇವೆಂದು ಕೂಗಿದರು. ಎರಡು ದನಿ ಒಂದೇ ತರಂಗದಲ್ಲಿ ಡಿಕ್ಕಿ ಹೊಡೆದು ಡಚ್ ವಿಮಾನದೊಳಗೆ ಒಂದು ಕೀರಲು ಸದ್ದು ಮಾತ್ರ ಕೇಳಿಸಿತು. 583 ಮಂದಿ ಸತ್ತರು.

ಎಲ್ಲ ಪಾಪವನ್ನೂ ಒಂದು ‘ಅಟ್’ನ ತಲೆಗೆ ಕಟ್ಟುವುದು ತಪ್ಪು. ಮಂಜಿತ್ತು, ಡಚ್ ಕ್ಯಾಪ್ಟನ್ನಿಗೆ ಕೆಲಸದ ಅವಧಿ ಮೀರುವ ಆತಂಕವಿತ್ತು, ಅಪ್ಪಣೆ ಸಿಗುವ ಮೊದಲೇ ಅವನು ವಿಮಾನ ಓಡಿಸಿದ್ದ. ಆದರೂ ಆ ‘ಓಕೆ’ ನನ್ನ ಕಿವಿಯಲ್ಲಿ ಬಹಳ ದಿನ ಉಳಿಯಿತು. ನಮ್ಮ ವಿಡಿಯೋ ಕರೆಗಳಲ್ಲಿ ಗಂಟೆಗೆ ನಲವತ್ತು ಸಲ ಓಕೆ ಎನ್ನುತ್ತೇವೆ. ಅದರಲ್ಲಿ ‘ಒಪ್ಪಿದೆ’, ‘ಕೇಳಿಸಿತು’, ‘ಅರ್ಥವಾಗಲಿಲ್ಲ, ಮುಂದೆ ಹೇಳು’ ಎಲ್ಲವೂ ಇರುತ್ತವೆ. ಆ ದುರಂತದ ಮೇಲೆ ವಿಮಾನಯಾನದವರು ನಿಯಮ ಮಾಡಿದರು: ‘ಟೇಕ್-ಆಫ್’ ಪದವನ್ನು ಹಾರಲು ಅಪ್ಪಣೆ ಕೊಡುವಾಗ ಅಥವಾ ಅದನ್ನು ಹಿಂತೆಗೆಯುವಾಗ ಮಾತ್ರ ಬಾಯಿಂದ ತೆಗೆಯತಕ್ಕದ್ದು. ಉಳಿದೆಲ್ಲ ಕಡೆ ‘ಡಿಪಾರ್ಚರ್’. ಮಂತ್ರಕ್ಕೆ ಮಡಿ ಇದ್ದ ಹಾಗೆ ಒಂದು ಪದಕ್ಕೆ ಮಡಿ. ನಾನು ಕೈಪಿಡಿಗಳಲ್ಲಿ ‘ಎವೆಂಚುವಲಿ’, ‘ಆಕ್ಚುಯಲಿ’ ಎರಡನ್ನೂ ಹೀಗೇ ಮಡಿಗೆ ಹಾಕಿದ್ದೇನೆ, ಮುಟ್ಟುವುದೇ ಇಲ್ಲ.

ಹಾಗಾದರೆ ಈ ಇಂಗ್ಲಿಷ್ ಯಾರದು? 1958ರಲ್ಲಿ ಈಗಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ ಶುರುವಾದಾಗ ಅದರ ಮೊಟ್ಟಮೊದಲ ನಿಯಮವೇ ಭಾಷೆಗಳದ್ದು. ಡಚ್, ಫ್ರೆಂಚ್, ಜರ್ಮನ್, ಇಟಾಲಿಯನ್ ಎಂಬ ನಾಲ್ಕು ಹೆಸರು, ಇಂಗ್ಲಿಷ್ ಇಲ್ಲ. ಅದು ಒಳಗೆ ಬಂದದ್ದು 1973ರಲ್ಲಿ. ಈಗ ಒಟ್ಟು 24 ಅಧಿಕೃತ ಭಾಷೆಗಳು. 2020ರ ಜನವರಿ 31ಕ್ಕೆ ಬ್ರಿಟನ್ ಗಂಟುಮೂಟೆ ಕಟ್ಟಿ ಹೊರಟಿತು, ಇಂಗ್ಲಿಷ್ ಹೊರಡಲಿಲ್ಲ. ಐರ್ಲೆಂಡು ತನ್ನ ಭಾಷೆಯೆಂದು ಐರಿಷನ್ನೂ ಮಾಲ್ಟಾ ಮಾಲ್ಟೀಸನ್ನೂ ಬರೆಸಿರುವುದರಿಂದ ಇಂಗ್ಲಿಷನ್ನು ‘ನಮ್ಮದು’ ಎಂದು ಕೊಟ್ಟ ದೇಶ ಒಕ್ಕೂಟದಲ್ಲಿ ಒಂದೂ ಉಳಿದಿಲ್ಲ. ಕಡತಗಳು ಮಾತ್ರ ಅದರಲ್ಲೇ ಓಡಾಡುತ್ತವೆ. ಅಲ್ಲಿಯ ಲೆಕ್ಕಪರಿಶೋಧನಾ ಸಂಸ್ಥೆಯ ಅನುವಾದಕರೊಬ್ಬರು ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸಿನ ಇಂಗ್ಲಿಷ್ ಪದಗಳನ್ನು ಹೆಕ್ಕಿ, ಸರಿಯಾದ ಪ್ರಯೋಗ ಯಾವುದೆಂದು ಒಂದು ಪಟ್ಟಿಯನ್ನೇ ಮಾಡಿದ್ದರು. ಅದರಲ್ಲಿ ‘ಕಂಟ್ರೋಲ್’ ಎಂಬುದೂ ಇದೆ. ಫ್ರೆಂಚರಿಗೆ ಅದು ತಪಾಸಣೆ, ಇಂಗ್ಲಿಷರಿಗೆ ಹತೋಟಿ. ಹಾಗೆಂದು ಇಂಗ್ಲಿಷರು ಮೂಗು ಮುರಿಯುವಂತಿಲ್ಲ. ಅವರದೇ ವಿಮಾನ ನಿಲ್ದಾಣದ ‘ಪಾಸ್‌ಪೋರ್ಟ್ ಕಂಟ್ರೋಲ್’ನಲ್ಲಿ ಪಾಸ್‌ಪೋರ್ಟಿಗೆ ನಡೆಯುವುದು ಹತೋಟಿಯಲ್ಲ, ತಪಾಸಣೆಯೇ.

ನಮ್ಮ ಸಭೆಗಳಲ್ಲಿ ಜರ್ಮನ್, ಪೋಲಿಷ್, ಇಟಾಲಿಯನ್ ಇಂಗ್ಲಿಷುಗಳು ಪರಸ್ಪರ ಒಂದು ಮಟ್ಟಿಗೆ ಹೊಂದಿಕೊಂಡುಬಿಡುತ್ತಿದ್ದವು. ‘ಆಕ್ಚುಯಲ್’ ಎಂದರೆ ಸದ್ಯದ್ದು ಎಂದು ಮೂವರಿಗೂ ತಕರಾರಿಲ್ಲದೆ ಗೊತ್ತಿತ್ತು. ಮಾತು ಸಿಕ್ಕಿಬೀಳುತ್ತಿದ್ದದ್ದು ಅಪರೂಪಕ್ಕೆ ಲಂಡನ್ನಿನವನು ಬಂದು ಕೂತಾಗ. ಅವನು ‘ಕ್ವೈಟ್ ಗುಡ್’ ಎಂದರೆ ಇವರೆಲ್ಲ ಖುಷಿಪಟ್ಟರು. ಅವನ ಮನಸ್ಸಿನಲ್ಲಿದ್ದದ್ದು ‘ಪರವಾಗಿಲ್ಲ, ಅಷ್ಟಕ್ಕಷ್ಟೇ’. ಆ ಕೋಣೆಯಲ್ಲಿ ದೇಶಾಂತರದಿಂದ ಬಂದವನಂತೆ ಕಾಣುತ್ತಿದ್ದವನು ಅವನೇ.

ನನ್ನ ಇಂಗ್ಲಿಷೂ ಸಾಚಾ ಏನಲ್ಲ. ಮೊದಲ ವಾರದ ಸಭೆಯಲ್ಲಿ, ಹಿರಿಯ ವಿನ್ಯಾಸಕರೊಬ್ಬರ ವಿವರಣೆ ಮುಗಿದ ಮೇಲೆ ಕೈ ಎತ್ತಿ ‘ಐ ಹ್ಯಾವ್ ಎ ಡೌಟ್’ ಎಂದೆ. ಮೇಷ್ಟರಿಗೆ ‘ಸಾರ್, ಒಂದು ಡೌಟು’ ಎಂದು ಕೇಳಿ ಬೆಳೆದವರಲ್ಲವೇ ನಾವು. ಅವರ ಮುಖ ಬಿಗಿಯಿತು. ಬೇರಿಂಗಿನ ಹಿಂದೆ ಏಕೆ ಎರಡು ವಾಷರ್ ಎಂಬುದು ನನ್ನ ಪ್ರಶ್ನೆ. ಅವರು ತಮ್ಮ ಲೆಕ್ಕವನ್ನೇ ನಾನು ನಂಬುತ್ತಿಲ್ಲವೆಂದು ತಿಳಿದು ಅರ್ಧ ಗಂಟೆ ಬೋರ್ಡಿನ ಮೇಲೆ ಸೂತ್ರಗಳನ್ನು ಬಿಡಿಸಿದರು. ಹೊರಗೆ ಬಂದ ಮೇಲೆ ಸ್ಪೇನಿನವಳೊಬ್ಬಳು ನನ್ನ ಪಕ್ಕ ನಡೆಯುತ್ತಾ, ತಾನೂ ಬಂದ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೆ ಎಂದಳು. ಅವರಲ್ಲಿ ‘ದೂದಾ’ ಎಂದರೆ ಸಂದೇಹವೂ ಹೌದು, ಕೇಳಬೇಕಾದ ಸಾದಾ ಪ್ರಶ್ನೆಯೂ ಹೌದು. ತುಮಕೂರಿನ ಇಂಗ್ಲಿಷು ಸೆವಿಲ್ಲಾದಲ್ಲಿ ಸರಾಗವಾಗಿ ನಡೆಯುತ್ತದೆ ಎಂದು ತಿಳಿದು ಆ ದಿನ ಸ್ವಲ್ಪ ಸಮಾಧಾನವಾಯಿತು.

ಏಳು ವರ್ಷ ಆ ಮಹಡಿ ಮನೆಯಲ್ಲಿದ್ದೆ. ಬೆಂಗಳೂರಿಗೆ ಮರಳುವುದೆಂದು ನಿಶ್ಚಯವಾಗಿ, ಕೊನೆಯ ಮೂರು ವಾರ ಕಂಪನಿಯ ಅತಿಥಿಗೃಹದಲ್ಲಿರಲು ಹೊರಟಾಗ ಕೆಳಗಿಳಿದು ಮನೆಯೊಡತಿಗೆ ಬೀಗದ ಕೈ ಕೊಟ್ಟೆ. ಆಕೆ ಒಂದೊಂದನ್ನೂ ಎಣಿಸಿ, ಅಡುಗೆಮನೆಯ ಡಬ್ಬಿಗೆ ಹಾಕಿ ಮುಚ್ಚಳ ಹಾಕಿದರು. ಅಷ್ಟು ವರ್ಷ ಅವರಿಗೆ ಸರಿಯಾದ ಜರ್ಮನಿನಲ್ಲೇ ವಿದಾಯ ಹೇಳಿದವನು ನಾನು. ಅಂದು ಮಾತ್ರ ಬಾಯಿಗೆ ಅಮ್ಮನ ಭಾಷೆಯೇ ಬಂತು. ಹೊಸ್ತಿಲಲ್ಲಿ ನಿಂತು ‘ಹೋಗುತ್ತೇನೆ’ ಎನ್ನಬಾರದು ಎಂದು ಸಣ್ಣವರಿದ್ದಾಗ ಬೈಸಿಕೊಂಡವರು ನಾವು. ಹೋಗಿ ಬರುತ್ತೇನೆ ಎಂಬುದನ್ನು ಹಾಗೆಯೇ ಜರ್ಮನಿಗೆ ಹಾಕಿ ಹೇಳಿಬಿಟ್ಟೆ.

"ಯಾವಾಗ?" ಎಂದರು ಆಕೆ.

ನಮ್ಮಲ್ಲಿ ಹೋಗಿ ಬರುತ್ತೇನೆ ಎಂದವನನ್ನು ಯಾವಾಗ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಆಕೆ ಆಗಲೇ ಪೆನ್ಸಿಲ್ ತೆಗೆದುಕೊಂಡು ಫ್ರಿಜ್ಜಿನ ಪಕ್ಕ ತೂಗುಹಾಕಿದ್ದ ಕ್ಯಾಲೆಂಡರಿನ ಮುಂದೆ ನಿಂತಿದ್ದರು. ಮುಂದಿನ ಭಾನುವಾರ ಎಂದೆ.

"ಹಾಲ್ಬ್ ಡ್ರೈ? ಪ್ಲಮ್ ಕೇಕ್ ಮಾಡುತ್ತೇನೆ."

ನಾನು ತಲೆಯಾಡಿಸಿದೆ. ಅದು ಹೌದೋ ಅಲ್ಲವೋ ಎಂದು ಆಕೆ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಭಾನುವಾರದ ಚೌಕದಲ್ಲಿ ನನ್ನ ಹೆಸರು ಬರೆದು, ಅದರ ಕೆಳಗೆ ನನಗೆ ಕಾಣುವಂತೆ ದಪ್ಪ ಅಂಕಿಯಲ್ಲಿ 14:30 ಎಂದು ಬರೆದರು.